ಗೆರೆಯಾಚೆ ಕಾದ ಕಾಲು

ನಾನು ಒಂದು ಕೃತಕ ಕಾಲು; ಎಡಗಾಲು, ಮೊಣಕಾಲಿನ ಕೆಳಗಿನದು. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ಹುಟ್ಟಿದೆ. ಅದನ್ನು ನಡೆಸುವ ವಾಮನರಾಯರು ಪ್ಲಾಸ್ಟರಿನ ಅಚ್ಚು ತೆಗೆದು, ಅರದಿಂದ ಉಜ್ಜಿ ಉಜ್ಜಿ ನನ್ನನ್ನು ನುಣುಪು ಮಾಡಿದರು. ಎಲ್ಲೂ ಚುಚ್ಚಬಾರದು ಎಂಬುದೊಂದೇ ಅವರ ಹಟ.

ನನ್ನ ಒಡತಿ ಮುಬೀನಾ ನದಾಫ್, ಹತ್ತೊಂಬತ್ತು ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ಅಪಘಾತದಲ್ಲಿ ಕಾಲು ಕಳೆದುಕೊಂಡು ಎಂಟು ತಿಂಗಳಾಗಿತ್ತು. ನನ್ನ ಮೇಲೆ ನಡೆಯಲು ಬೇಗ ಕಲಿತಳು. ಆದರೆ ನನ್ನನ್ನು ಯಾರಿಗೂ ತೋರಿಸಲಿಲ್ಲ. ಬೇಸಿಗೆಯಲ್ಲೂ ಎರಡೆರಡು ಕಾಲುಚೀಲ. ಗೆಳತಿಯ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡರೆ ಏನೋ ನೆಪ ಹೇಳಿ ತಿರುಗಿ ಬರುತ್ತಿದ್ದಳು.

ಒಮ್ಮೆ ನನ್ನ ಪಟ್ಟಿ ಸರಿಮಾಡಿಸಲು ಕಾರ್ಯಾಗಾರಕ್ಕೆ ಹೋದಾಗ ಗಾಲಿಕುರ್ಚಿಯಲ್ಲಿ ಕುಳಿತ ದಾನಮ್ಮ ಸಿಕ್ಕರು. ನೆಲದ ಮೇಲೆ ಕುಳಿತು ಆಡುವ ವಾಲಿಬಾಲ್ ತಂಡ ಕಟ್ಟಿದವರು ಅವರು.

"ಭಾನುವಾರ ಬಾರವ್ವ. ಕಾಲು ತಗದಿಟ್ಟು ಆಡೂ ಆಟ ಇದು," ಎಂದರು.

ಮೂರು ಭಾನುವಾರ ಮುಬೀನಾ ಹೋಗಲಿಲ್ಲ. ನಾಲ್ಕನೆಯದಕ್ಕೆ ಹೋದಳು. ಅಂಗಣದ ಗೆರೆಯ ಹೊರಗೆ ನನ್ನಂಥ ಕಾಲುಗಳು, ಊರುಗೋಲುಗಳು ಸಾಲಾಗಿ ಗೋಡೆಗೆ ಒರಗಿದ್ದವು. ಅವಳು ಬಹಳ ಹೊತ್ತು ನನ್ನ ಪಟ್ಟಿಯ ಮೇಲೆ ಕೈಯಿಟ್ಟು ಕುಳಿತಳು. ಆಮೇಲೆ ಬಿಚ್ಚಿದಳು. ತೆವಳುತ್ತ ಒಳಗೆ ಹೋಗಿ ಮೊದಲ ಚೆಂಡನ್ನೇ ಬಲೆಗೆ ಹೊಡೆದಳು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಕೈ ಯಾಕೆ ಮಡಚಿದೆ ಎಂದು ದಾನಮ್ಮ ಬೈದರು. ಆ ಬೈಗುಳಕ್ಕೆ ಅವಳ ಮುಖ ಅರಳಿತು.

ಬೆಳಗಾವಿಯ ಪಂದ್ಯಕ್ಕೆ ಅವಳ ತಾಯಿಯೂ ಬಂದಿದ್ದರು. ಜನ ನೋಡುತ್ತಾರೆಂದು ನನ್ನ ಮೇಲೆ ದುಪಟ್ಟಾ ಹೊದಿಸಿದರು. ಮುಬೀನಾ ಅಂಗಣದ ಒಳಗಿಂದಲೇ ಹೇಳಿದಳು:

"ಅವ್ವಾ, ಅದನ್ನ ತಗಿ. ಅದು ನನ್ನ ಕಾಲು. ಕಾಣ್ಲಿ ಬಿಡು."

ತಾಯಿ ಸುತ್ತ ನೋಡಿದರು. ನಿಧಾನವಾಗಿ ತೆಗೆದರು.

ಪಂದ್ಯ ಸೋತರು. ಯಾರಿಂದ ಸೋತೆವೆಂದು ಊರು ಮುಟ್ಟುವವರೆಗೂ ಬಸ್ಸಿನಲ್ಲಿ ಜಗಳ. ಎಲ್ಲರಿಗಿಂತ ಜೋರು ದನಿ ಮುಬೀನಾಳದು. ಸಲ್ವಾರ್ ಮೊಣಕಾಲಿನವರೆಗೆ ಮಡಚಿ, ನನ್ನನ್ನು ಕಂಡಕ್ಟರ್ ಓಡಾಡುವ ದಾರಿಗೆ ಚಾಚಿ ಕುಳಿತಿದ್ದಳು.

ನಾಲ್ಕು ವರ್ಷ ಅವಳನ್ನು ಅಂಗಣದವರೆಗೆ ಹೊತ್ತೆ. ಅಂಗಣದ ಒಳಗೆ ಅವಳಿಗೆ ನಾನು ಬೇಕಾಗಲಿಲ್ಲ. ಎರಡಕ್ಕೂ ನನಗೆ ಹೆಮ್ಮೆ.

ಆಮೇಲೆ ನಾನು ಅವಳಿಗೆ ಸಡಿಲವಾದೆ, ಹೊಸ ಕಾಲು ಬಂತು. ಈಗ ಅವಳು ಕೃತಕ ಕಾಲು ಮಾಡಲು ಕಲಿಯುವವರ ತರಗತಿಗೆ ಮಾತಾಡಲು ಹೋಗುತ್ತಾಳೆ, ನನ್ನನ್ನೂ ಒಯ್ಯುತ್ತಾಳೆ. ನಾನು ಕೈಯಿಂದ ಕೈಗೆ ಹೋಗುತ್ತೇನೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ, ಇದನ್ನು ಹಾಕಿಕೊಂಡಾಗ ಮತ್ತೆ ಎಲ್ಲರಂತೆ ಆದೆ ಅನಿಸಿತೇ ಎಂದು ಕೇಳಿದಳು.

"ಎಲ್ಲಾರಂಗ ಕಾಣಾಕ ಒಂದು ವರ್ಷ ಹೆಣಗಾಡಿದೆ," ಎಂದಳು ಮುಬೀನಾ. "ನನ್ನಂಗ ಇರಾಕ ಕಲ್ತ ಮ್ಯಾಲೆ ಆರಾಮದೀನಿ."

ಹಾಗೆಂದು ನನ್ನನ್ನು ಮೇಜಿನ ನಡುವೆ ನಿಲ್ಲಿಸಿದಳು. ಬಣ್ಣ ಮಾಸಿದೆ, ಹಿಮ್ಮಡಿ ಸವೆದಿದೆ. ನೆಟ್ಟಗೆ ನಿಂತೆ.