ಮಂಜಿತ್ತು ಎಂದೆ

ಮೇಸ್ತ್ರಿ ಮುಹಿಯೆ ನನ್ನ ಬುಟ್ಟಿಯನ್ನು ಕಾಲಿನಿಂದ ಒದ್ದ. ಬೆಳಗಿನಿಂದ ಕಿತ್ತ ಚಹಾ ಸೊಪ್ಪೆಲ್ಲ ಕೆಸರಿಗೆ ಚೆಲ್ಲಿತು.

“ಇದೇನು ಸೊಪ್ಪೇನೇ, ಮೇಕೆ ಮೇವೇನೇ? ಕಣ್ಣು ಹೋದ್ವಾ ಮುದಿ ಮುಂಡೆ?”

ನಾನು ಬಗ್ಗಿ ಒಂದೊಂದೇ ಎಲೆ ಆರಿಸತೊಡಗಿದೆ. ಥ್ಯೋಲೋ ಗುಡ್ಡಗಳ ಈ ತೋಟದಲ್ಲಿ ಇಪ್ಪತ್ತೆರಡು ವರ್ಷ ಸೊಪ್ಪು ಕಿತ್ತವಳು ನಾನು, ಬೈಗುಳ ಹೊಸದಲ್ಲ. ಆದರೆ ಅವತ್ತು ಅವನು ಬೈದದ್ದು ಹಿತವಾಗಿತ್ತು. ಇನ್ನೂ ನಾಲ್ಕು ಬೈಯಲಿ ಅನ್ನಿಸಿತು. ಯಾಕೆಂದರೆ ಆರು ತಿಂಗಳ ಹಿಂದೆ ಈ ಮನುಷ್ಯನನ್ನು ಉಳಿಸಿದವಳೇ ನಾನು.

ಅದು ಜೂನ್ ತಿಂಗಳು. ಚಿಪೆರೋನಿ ಎಂಬ ಚಳಿಗಾಳಿಯ ಜಡಿಮಳೆ ಹಿಡಿದು ಐದು ದಿನವಾಗಿತ್ತು. ನನ್ನ ಪಕ್ಕದ ಸಾಲಿನಲ್ಲಿ ಸೊಪ್ಪು ಕೀಳುತ್ತಿದ್ದವಳು ದೊರಿಕಾ ನಮಸಾನಿ. ಇಪ್ಪತ್ತಾರರ ಹೆಂಗಸು. ಅವಳ ತಾಯಿ ಮತ್ತು ನಾನು ಒಂದೇ ದಿನ ಒಂದೇ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡವರು. ತಾಯಿ ತೀರಿಕೊಂಡ ಮೇಲೆ ಅವಳು ನನ್ನನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. ಆ ಬೆಳಿಗ್ಗೆ ಮುಹಿಯೆ ಅವಳನ್ನು ಗಾಳಿಮರಗಳ ಆಚೆಯ ತೋಟದ ತುಂಡಿಗೆ ಕಳಿಸಿದ. ತೂಕದ ಹೊತ್ತಾದರೂ ಬರಲಿಲ್ಲವೆಂದು ನಾನು ಹುಡುಕಿಕೊಂಡು ಹೋದೆ.

ಕಂಡೆ. ಗಿಡಗಳ ನಡುವೆ ಅವಳ ಬಾಯಿಯ ಮೇಲೆ ಅವನ ಕೈ ಇತ್ತು. ಅವಳು ಉಟ್ಟ ಬಟ್ಟೆ ಕೆಸರಲ್ಲಿ ಬಿದ್ದಿತ್ತು. ಅವನ ಬೆನ್ನು ನನ್ನ ಕಡೆಗಿತ್ತು, ಅವಳ ಕಣ್ಣು ನನ್ನ ಮೇಲಿತ್ತು. ನಾನು ತಿರುಗಿ ನಡೆದೆ. ಓಡಲೂ ಇಲ್ಲ, ನಡೆದೆ.

ದೊರಿಕಾ ನುಂಗಿಕೊಂಡು ಕೂರುವವಳಲ್ಲ. ಮಾರನೆಯ ದಿನವೇ ಆಫೀಸಿಗೆ ಹೋಗಿ ಮ್ಯಾನೇಜರನ ಎದುರು ನಿಂತು ಹೇಳಿದಳು. ಸಾಕ್ಷಿ ಯಾರು ಅಂದಾಗ ನನ್ನ ಹೆಸರು ಹೇಳಿದಳು. ವಿಚಾರಣೆಗೆ ದಿನ ಗೊತ್ತಾಯಿತು.

ವಿಚಾರಣೆಯ ಹಿಂದಿನ ದಿನ ಪಾದ್ರಿ ನಮ್ಮ ಮನೆಗೆ ಬಂದರು. ನನ್ನ ಗಂಡನನ್ನು ಮಣ್ಣು ಮಾಡಿದವರು, ಕೆಟ್ಟವರಲ್ಲ. ಜೋಳದ ಮುದ್ದೆ, ತೊಗರಿಕಾಳು ಬಡಿಸಿದೆ. ಉಂಡು ಕೈ ತೊಳೆದು ನಿಧಾನವಾಗಿ ಮಾತು ತೆಗೆದರು. ತೋಟಕ್ಕೆ ಸೊಪ್ಪು ಕೊಯ್ಯುವ ಯಂತ್ರ ಬರಲಿದೆ, ಅರ್ಧಕ್ಕರ್ಧ ಹೆಂಗಸರನ್ನು ತೆಗೆಯುತ್ತಾರೆ, ಪಟ್ಟಿ ಬರೆಯುವವನು ಮುಹಿಯೆ ಅಂದರು. ನಾಳೆ ಏನು ಎತ್ತ ಎಂದು ಗೊತ್ತಿಲ್ಲದ ಇಂಥ ಕಾಲದಲ್ಲಿ ದೇವರಿಗೆ ವಿಧೇಯಳಾಗಿರುವುದು ಅಂದರೆ ತಾಳ್ಮೆ, ತೀರ್ಪು ಅವನಿಗೆ ಬಿಡುವುದು ಅಂದರು.

“ನಾನು ಕಣ್ಣಾರೆ ಕಂಡೀನಿ ಅಯ್ನೋರೇ,” ಅಂದೆ.

“ಕಂಡಿದ್ದನ್ನ ದೇವ್ರತ್ರ ಹೇಳ್ಕೋ ಎನೆಲೇಸಿ. ಆಫೀಸಲ್ಲಿ ಬ್ಯಾಡ.”

ನನಗೆ ಆಗ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಗುರಾಯಿತು. ಅದನ್ನು ಇವತ್ತಿಗೂ ನಾನು ಮರೆತಿಲ್ಲ. ನನಗೆ ಬೇಕಾದ ಅಪ್ಪಣೆಯನ್ನೇ ಅವರು ದೇವರ ಹೆಸರಲ್ಲಿ ತಂದು ಕೊಟ್ಟಿದ್ದರು.

ಆಫೀಸಿನಲ್ಲಿ ಬೈಬಲ್ಲಿನ ಮೇಲೆ ನನ್ನ ಕೈ ಇಡಿಸಿದವರೂ ಅವರೇ.

“ಮಂಜಿತ್ತು ಸ್ವಾಮಿ. ನಂಗೇನೂ ಕಾಣ್ಲಿಲ್ಲ,” ಅಂದೆ.

ದೊರಿಕಾ ನನ್ನ ಮುಖ ನೋಡಿದಳು. ಸಂಜೆಯೊಳಗೆ ಅವಳ ಪಾತ್ರೆ, ಚಾಪೆ ಕೂಲಿ ಲೈನಿನ ಹೊರಗೆ ಬಿದ್ದಿದ್ದವು. ಮರ್ಯಾದಸ್ಥರ ಮೇಲೆ ಸುಳ್ಳು ಹೊರಿಸಿದಳೆಂದು ಚರ್ಚಿನ ಸಭೆಯವರು ಅವಳಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ನಿಲ್ಲಿಸಿದರು.

ನಾನು ಸಭೆಯ ಹೆಂಗಸರ ಸಂಘದ ಮುಂದಾಳು. ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವವಳು. ಎನೆಲೇಸಿ ಬಂದು ಕೈ ಇಟ್ಟರೆ ಜ್ವರ ಇಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಆಮೇಲೂ ಹೇಳಿದರು. ದೇವರು ನನ್ನ ಜೊತೆ ಮಾತು ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಿಟ್ಟಿರಲಿಲ್ಲ. ಮಂಡಿಯೂರಿದಾಗಲೆಲ್ಲ ಒಂದೇ ಮಾತು: ಹೋಗಿ ಹೇಳು. ನಾನು ಬೇರೆ ಏನೇನೋ ಮಾಡಿದೆ. ಉಪವಾಸ ಮಾಡಿದೆ, ದೇವಾಲಯದ ನೆಲ ಉಜ್ಜಿದೆ.

ಅಕ್ಟೋಬರಿನಲ್ಲಿ ಪಟ್ಟಿ ಬಂತು. ನಲವತ್ತು ಹೆಂಗಸರು ಹೋದರು. ನಾನು ಉಳಿದೆ. ಯಾಕೆ ಉಳಿದೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮುಹಿಯೆ ಬುಟ್ಟಿ ಒದ್ದದ್ದು ಡಿಸೆಂಬರಿನ ಒಂದು ಶನಿವಾರ. ಮಾರನೆಯ ಭಾನುವಾರ ಅವನನ್ನು ಸಭೆಯ ಹಿರಿಯನನ್ನಾಗಿ ಮಾಡುವುದಿತ್ತು. ಹೊಸ ಕೋಟು ಹಾಕಿ ಮುಂದೆ ನಿಂತಿದ್ದ. ಪದ್ಧತಿಯಂತೆ ಪಾದ್ರಿ, ಈತನ ನಡತೆಯ ಬಗ್ಗೆ ಯಾರದಾದರೂ ತಕರಾರಿದ್ದರೆ ಈಗಲೇ ಹೇಳಬೇಕು ಎಂದು ಓದಿದರು. ಯಾರೂ ಏಳುವುದಿಲ್ಲವೆಂದು ಗೊತ್ತಿದ್ದೇ ಓದುವ ಮಾತು ಅದು. ಓದುತ್ತಲೇ ಮುಂದಿನ ಹಾಳೆ ತಿರುವಿದರು.

ನಾನು ಎದ್ದೆ.

“ಕೂತ್ಕೋ ಎನೆಲೇಸಿ. ಆಮೇಲೆ ಮಾತಾಡಾಣ,” ಅಂದರು ಪಾದ್ರಿ.

ಕೂರಲಿಲ್ಲ. ಅವರು ಹಾಡುವವರಿಗೆ ಸನ್ನೆ ಮಾಡಿದರು. ಹಾಡು ಎದ್ದಿತು, ಡೋಲು ಸೇರಿತು. ನಾನು ನಿಂತೇ ಇದ್ದೆ. ಆರು ಚರಣ ಹಾಡಿದರು. ಮುಗಿದ ಮೇಲೆ ಮೊದಲನೆಯದನ್ನು ಮತ್ತೆ ಎತ್ತಿಕೊಂಡರು. ಮುಂದಿನ ಬೆಂಚು ಹಿಡಿದುಕೊಂಡೆ. ಕೊನೆಗೆ ಅವರ ಗಂಟಲೇ ಸೋತಿತು.

“ಅವತ್ತು ಮಂಜಿರ್ಲಿಲ್ಲ,” ಅಂದೆ. “ಈ ನಾಯಿ ದೊರಿಕಾನ ಕೆಡಿಸ್ತಾ ಇದ್ದ. ನಾನು ನೋಡ್ದೆ. ನೋಡಿ ಬೈಬಲ್ ಮುಟ್ಟಿ ಸುಳ್ಳು ಹೇಳ್ದೆ. ಹಂಗೆ ಹೇಳು ಅಂತ ಹೇಳ್ಕೊಟ್ಟೋರು ಅಲ್ಲಿ ನಿಂತವ್ರೆ. ಒಪ್ಕೊಂಡೋಳು ನಾನು.”

ಮುಹಿಯೆ ಮುದುಕಿಗೆ ತಲೆ ಕೆಟ್ಟಿದೆ ಅಂದ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬಳು ಎದ್ದು ನಿಂತಳು. ತಲೆ ತಗ್ಗಿಸಿ ನಿಂತಳು. ಆಮೇಲೆ ಕಿಟಕಿಯ ಹತ್ತಿರ ಇನ್ನೊಬ್ಬಳು. ಆಮೇಲೆ ಮೂರನೆಯವಳು. ಪಾದ್ರಿ ಪುಸ್ತಕ ಮುಚ್ಚಿದರು.

ಸೋಮವಾರ ಹಾಜರಿ ಕೂಗುವಾಗ ನಮ್ಮ ನಾಲ್ವರ ಹೆಸರೂ ಇರಲಿಲ್ಲ. ಕೂಗಿದವನು ಮುಹಿಯೆಯೇ.

ನಾನು ಅಲ್ಲಿಂದ ಲುಚೆಂಜಾ ರಸ್ತೆಗೆ ನಡೆದೆ. ರಸ್ತೆಯ ಬದಿಯಲ್ಲಿ ದೊರಿಕಾ ಜಲ್ಲಿ ಒಡೆಯುತ್ತಿದ್ದಳು. ಬೆರಳಿಗೆಲ್ಲ ರಬ್ಬರಿನ ಪಟ್ಟಿ ಸುತ್ತಿದ್ದಳು. ತಲೆ ಎತ್ತದೆ, “ಸುದ್ದಿ ಕೇಳ್ದೆ,” ಅಂದಳು.

ನಾನು ಅವಳ ಎದುರು ನೆಲದಲ್ಲಿ ಕೂತೆ.

“ಅವತ್ತು ನನ್ ಕಣ್ಣು ನೋಡಿದ್ದೆ ನೀನು.”

“ನೋಡಿದ್ದೆ ಮಗಾ.”

“ಆಗ್ಲೇ ಬಾಯಿ ಬಿಡಾಕೆ ಅದು ಸಾಕಾಗ್ಲಿಲ್ವಾ ನಿಂಗೆ?”

ಕ್ಷಮಿಸು ಅನ್ನುವ ಮಾತು ನಾಲಿಗೆಯವರೆಗೆ ಬಂತು. ಹೇಳಲಿಲ್ಲ. ಹೇಳಿದರೆ ಅವಳ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟ ಹಾಗಾಗುತ್ತಿತ್ತು. ಅವಳು ಇನ್ನೊಂದು ಕಲ್ಲು ಎಳೆದುಕೊಂಡು ಸುತ್ತಿಗೆ ಎತ್ತಿದಳು. ಚೂರೊಂದು ಸಿಡಿದು ನನ್ನ ಕೆನ್ನೆಗೆ ಬಡಿಯಿತು. ಅವಳು ಏಟು ನಿಲ್ಲಿಸಲಿಲ್ಲ. ನಾನೂ ಜರುಗಲಿಲ್ಲ.