ಅವ್ವ ಕೊಟ್ಟ ಮರ್ಯಾದೆಯ ಎಂಜಲು

ಕೆಮ್ಮಿದವರು ನಮ್ಮೂರು ಕಂಬಂನಿಂದ ತೇನಿಯ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತಿ, ದಾರಿಯುದ್ದಕ್ಕೂ ಅಕ್ಕಪಕ್ಕದವರಿಗೆ ಕೆಮ್ಮು ಹಂಚಿ, ಕಫ ಕೊಟ್ಟು ಬರುವ ಕಾಲ ಮುಗಿಯಿತಂತೆ. ಕಫ ನೋಡಿ ಟಿ.ಬಿ. ಪತ್ತೆ ಹಚ್ಚುವ ಮಿಷನ್ನೇ ನಮ್ಮೂರಿನ ಆಸ್ಪತ್ರೆಗೆ ಬಂತು. ನಮ್ಮಪ್ಪ ರಂಗಸಾಮಿ ಹೊಸ ಟ್ರ್ಯಾಕ್ಟರಿಗೆ ಮಾಡುವಂತೆ ಅದಕ್ಕೂ ಕುಂಕುಮ ಹಚ್ಚಿ, ಕರ್ಪೂರ ಬೆಳಗಲು ಹೋದ. ಮಿಷನ್ ನೋಡಿಕೊಳ್ಳುವ ಅಮುದಾ ಕೈ ಹಿಡಿದು ತಡೆದಳು. ಇಲ್ಲದಿದ್ದರೆ ಉದ್ಘಾಟನೆ, ದಹನ ಎರಡೂ ಒಂದೇ ಮುಹೂರ್ತದಲ್ಲಿ ಮುಗಿಯುತ್ತಿದ್ದವು.

ಅಮುದಾ ನನ್ನ ಸೋದರತ್ತೆಯ ಮಗಳು. ಅವಳನ್ನು ನನಗೇ ತಂದುಕೊಳ್ಳಬೇಕೆಂದು ಅವ್ವ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾಳೆ. ಅವ್ವ, ಪಿಚ್ಚೈಯಮ್ಮಾಳ್, ತಿಂಗಳುಗಟ್ಟಲೆ ಕೆಮ್ಮಿ ಕೆಮ್ಮಿ ಬಡಕಲಾಗಿದ್ದಳು. ಆದರೂ ಪರೀಕ್ಷೆಗೆ ಹೊರಟಾಗ ಮಲ್ಲಿಗೆ ಮುಡಿದಳು, ಏಲಕ್ಕಿ ಅಗಿದಳು, ಡಬ್ಬಿಯಲ್ಲಿ ತಿಳಿನೀರಿನಂಥ ಎಂಜಲು ಕೊಟ್ಟು ಬಂದಳು. ಮಿಷನ್ ರೋಗವಿಲ್ಲ ಅಂದಿತು. ಅಪ್ಪ ಬೀದಿಗೆಲ್ಲ ಲಾಡು ಹಂಚಿದ. ಕೆಮ್ಮಿಗೆ ಮಾತ್ರ ಯಾರೂ ರಿಸಲ್ಟ್ ತಿಳಿಸಲಿಲ್ಲ. ಅದು ತನ್ನ ಪಾಡಿಗೆ ಮುಂದುವರಿಯಿತು.

ಅಮುದಾ ಮನೆಗೇ ಬಂದಳು. "ಅತ್ತೆ, ನೀವು ಕೊಟ್ಟಿದ್ದು ಬರೀ ಎಂಜಲು. ಎದೆಯೊಳಗಿನ ಕಫ ಬೇಕು."

"ಅಯ್ಯೋ ನನ್ ಕಣ್ಣೇ, ಆ ಅಸಹ್ಯವ ನಿನ್ ಕೈಗೆ ಕೊಡ್ಲಾ? ನಾಳೆ ಈ ಮನೇಲಿ ಅನ್ನ ಬಡ್ಸೋ ಕೈ ಅದು!"

"ಮಿಷನ್ನೇ ಇಲ್ಲ ಅಂದೈತೆ," ಅಂದ ಅಪ್ಪ. "ಇವ್ಳು ಮಿಷನ್‌ಗಿಂತ ದೊಡ್ಡೋಳಾ?"

ಪರೀಕ್ಷೆ ಮನೆ ಹತ್ತಿರಕ್ಕೇ ಬರುವುದು ಅಂದರೆ ಇದು. ಮಿಷನ್ ಎಷ್ಟು ಹತ್ತಿರ ಬಂತೆಂದರೆ ನೆಂಟಸ್ತನದೊಳಕ್ಕೇ ನುಗ್ಗಿ ಕೂತಿತು. ನನಗೆ ಮೈಯೆಲ್ಲ ಉರಿಯಿತು. ಅವ್ವನ ರಟ್ಟೆ ಹಿಡಿದು ಹಿತ್ತಲಿನ ದ್ರಾಕ್ಷಿ ಚಪ್ಪರದಾಚೆ ಬಯಲಿಗೆ ಕರೆದೊಯ್ದೆ. ಡಬ್ಬಿ ಹಿಡಿದು ಅಮುದಾ ಹಿಂದೆಯೇ ಬಂದಳು.

"ಅವ್ವಾ, ನಾನು ಅಮುದಾನ ಕಟ್ಕೊಳ್ಳಲ್ಲ. ಗೂಡಲೂರಲ್ಲಿ ಒಬ್ಳು ಅವ್ಳೆ."

ಅಂಥವಳು ಯಾರೂ ಇರಲಿಲ್ಲ; ಅವ್ವ ರೇಗಬೇಕಿತ್ತು, ಅಷ್ಟೇ.

"ಅಡ ಪಾವಿ! ಹಾಳಾಗೋದ್ನೇ! ನಾ ಸತ್ರೂ ಅವ್ಳು ಈ ಹೊಸ್ಲು..." ಹೊಸಿಲು ದಾಟುವ ಮುಂಚೆಯೇ ಕೆಮ್ಮು ಮೇಲೆದ್ದಿತು. ಬುಡದಿಂದಲೇ ಎದ್ದಿತು. ಅಮುದಾ ಮಾಸ್ಕ್ ಸರಿಮಾಡಿಕೊಂಡು ಡಬ್ಬಿ ಒಡ್ಡಿದಳು. ಮರ್ಯಾದೆಗೆ ಪುರುಸೊತ್ತೇ ಸಿಗಲಿಲ್ಲ.

ಅವತ್ತು ಸಂಜೆಯೊಳಗೇ ಮಿಷನ್ ಮಾತು ಬದಲಿಸಿತು: ಟಿ.ಬಿ. ಇದೆ.

ಅಮುದಾ ಮಾತ್ರೆ ತಂದುಕೊಟ್ಟಳು. "ಆರು ತಿಂಗಳು ಬಿಡದೆ ನುಂಗಿ, ವಾಸಿಯಾಗುತ್ತೆ ಅತ್ತೆ."

ಅವ್ವ ಮಾತ್ರೆ ನುಂಗಿದಳು. ನನ್ನನ್ನೂ ನುಂಗುವಂತೆ ನೋಡಿದಳು. "ಯಾರ್ಲಾ ಅವ್ಳು, ಗೂಡಲೂರೋಳು?"

ನಾನು ಬಾಯಿ ಬಿಡುವಷ್ಟರಲ್ಲಿ ಅಮುದಾ ಅಪ್ಪನ ಕಡೆ ತಿರುಗಿ ಇನ್ನೊಂದು ಡಬ್ಬಿ ಚಾಚಿದಳು. "ಮಾವ, ನೀವೂ ಕೆಮ್ತಾ ಇದ್ದೀರಿ."

ಅಪ್ಪ ಪಂಚೆ ಸರಿಮಾಡಿಕೊಂಡು ಎದ್ದ. "ಏ ಪಿಚ್ಚೈ, ಆ ಏಲಕ್ಕಿ ಎಲ್ಲಿಟ್ಟೆ?"