ಒಬ್ಬರನ್ನಷ್ಟೇ ಎತ್ತುವ ಎಂಜಿನ್

ಎರಡು ವರ್ಷ ಮುಸುಕು ಹೊದ್ದು ಮೂಲೆಯಲ್ಲಿ ಕೂತಿದ್ದ ಎಂಜಿನ್ನನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ, "ಇದರ ಕಥೆ ಮುಗೀತು ಅಕ್ಕ. ಬುಡದಲ್ಲೇ ಬಿರುಕು ಬಿಟ್ಟಿದೆ. ಹೊಸದು ನೋಡಿ" ಎಂದ.

ಅವನನ್ನು ಎಲ್ಲರೂ ಹತ್ತಿ ಎಂದೇ ಕರೆಯುತ್ತಿದ್ದರು. ದಡೂತಿ ಆಳು; ಬಾಗಿಲಲ್ಲಿ ನಿಂತರೆ ಅಂಗಡಿಯೊಳಗೆ ಬೆಳಕು ಬರುತ್ತಿರಲಿಲ್ಲ. ಆದರೆ ಅವನು ಮಾರುತ್ತಿದ್ದದ್ದು ಪ್ಯಾರಾಮೋಟರ್‌ಗಳನ್ನು. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಬಿಡಿಸಿಕೊಂಡು, ನಾಲ್ಕು ಹೆಜ್ಜೆ ಓಡಿ ಆಕಾಶಕ್ಕೇರುವವರೆಲ್ಲ ಅವನ ಗಿರಾಕಿಗಳು.

ಎಂಜಿನ್ನಿನ ಒಡತಿ ಕಾರು ಕಲಿಸುವವಳು. ವಾರವೆಲ್ಲ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕ್, ಬ್ರೇಕ್" ಎಂದು ಕೂಗಿ ಕೂಗಿ ಬ್ರೇಕ್ ಮೇಡಂ ಎಂಬ ಹೆಸರೇ ಅಂಟಿಕೊಂಡಿತ್ತು. ಗಂಡ ಬಡಗಿ, ಕಿಟಕಿ ಮಾಡುವುದರಲ್ಲಿ ಪಳಗಿದ ಕೈ. ನಲವತ್ತು ದಾಟಿದ ಮೇಲೆ ಅವಳಿಗೆ ಹಾರುವ ಹುಚ್ಚು ಹಿಡಿದಾಗ ಅವನೂ ಜೊತೆಗೆ ಹೊರಟ. ಕಲಿಯುವುದಕ್ಕಲ್ಲ. "ಓಡಿಸೋದು ನಿನ್ನ ಕೆಲಸ ಕಣೇ. ನಂಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ರೆ ಸಾಕು" ಎಂದಿದ್ದ. ಹಾಗಾಗಿ ಇಬ್ಬರನ್ನೂ ಎತ್ತುವ ದೊಡ್ಡ ಎಂಜಿನ್ನನ್ನೇ ಕೊಂಡಿದ್ದರು.

ಎಂಜಿನ್ ಅವಳ ಬೆನ್ನಿಗೆ, ಗಂಡ ಅವಳ ಎದೆಗೆ. ಹಾಗೆ ಕಟ್ಟಿಕೊಂಡು ಇಬ್ಬರೂ ಒಟ್ಟಿಗೆ ಓಡಬೇಕು. ಮೊದಮೊದಲು ಕಾಲಿಗೆ ಕಾಲು ತೊಡರಿ, ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮೇಲೇರಿದ ಮೇಲೆ ಅವಳು ಪ್ರಪಂಚವನ್ನೆಲ್ಲ ಅವನ ಭುಜದ ಮೇಲಿಂದಲೇ ನೋಡುತ್ತಿದ್ದಳು. ಅವನ ಅಂಗಿಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಊರಿನ ಮೇಲೆ ಹಾರುವಾಗ ಅವನು ಬೆರಳು ತೋರಿಸಿ, "ಅಗೋ, ಆ ಮನೆ ಕಿಟಕಿ ನಾನು ಮಾಡಿದ್ದು!" ಎಂದು ಕಿರುಚುತ್ತಿದ್ದ. ಅಷ್ಟು ಎತ್ತರದಿಂದ ಕಿಟಕಿ ಎಲ್ಲಿ ಕಾಣಬೇಕು? "ಹೌದ್ರೀ, ಚೆನ್ನಾಗಿದೆ" ಎನ್ನುತ್ತಿದ್ದಳು ಅವಳು.

ಒಂದು ಬೆಳಿಗ್ಗೆ ಹಾಸಿಗೆಯಿಂದೇಳುವಾಗ ಅವನ ಕಣ್ಣೆದುರು ಗೋಡೆಗಳು ತಿರುಗತೊಡಗಿದವು. ಒಳಗಿವಿಯ ತೊಂದರೆ ಎಂದರು ಡಾಕ್ಟರು. ಹೋಗಲೂಬಹುದು, ಹೋಗದೆಯೂ ಇರಬಹುದು. ಅಲ್ಲಿಯವರೆಗೆ ಎತ್ತರದ ಸಹವಾಸ ಬೇಡ. ಅಂದಿನಿಂದ ಅವಳೂ ಹಾರಲಿಲ್ಲ. "ನೀವು ಹುಷಾರಾಗಿ, ಒಟ್ಟಿಗೇ ಹೋದ್ರಾಯ್ತು" ಎಂದು ಎಂಜಿನ್ನಿಗೆ ಮುಸುಕು ಹಾಕಿದಳು.

ಎಂಜಿನ್ನಿಗೆ ಮುಸುಕು ಹಾಕಬಹುದು, ಮನಸ್ಸಿಗೆ ಹೇಗೆ ಹಾಕುವುದು? ಕಾರಿನಲ್ಲಿ ಕೂತರೂ ಅವಳ ಕಣ್ಣು ರಸ್ತೆಯ ಮೇಲೆ ನಿಲ್ಲುತ್ತಿರಲಿಲ್ಲ. ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಯಾವ ಕಡೆಗೆ ಹಾರುತ್ತಿದೆ, ಹೊಗೆ ನೆಟ್ಟಗೆ ಏಳುತ್ತಿದೆಯೋ ಬಾಗುತ್ತಿದೆಯೋ, ಇದೇ ಲೆಕ್ಕ. ಒಮ್ಮೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನೋಡುತ್ತ ಮೈಮರೆತಳು. ಕಾರು ಫುಟ್‌ಪಾತ್ ಹತ್ತಿತು. ಕಲಿಯಲು ಬಂದಿದ್ದ ಮುದುಕರೇ ಗಾಬರಿಯಾಗಿ, "ಬ್ರೇಕ್ ಹಾಕಿ ಮೇಡಂ!" ಎಂದು ಕೂಗಿಕೊಂಡಿದ್ದರು.

ಆ ಸಂಜೆ ಗಂಡನೇ ಮುಸುಕು ತೆಗೆದು, ಹಳೆಯ ಎಂಜಿನ್ನನ್ನು ಗಾಡಿಗೆ ಹೇರಿ, ಅವಳನ್ನೂ ಹೊರಡಿಸಿಕೊಂಡು ಈ ಅಂಗಡಿಗೆ ಬಂದಿದ್ದ.

ಹತ್ತಿ ಎರಡು ಎಂಜಿನ್‌ಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟ. ಒಂದು ಹಳೆಯದರ ತಮ್ಮನಂತಿತ್ತು, ದಪ್ಪ ಸಿಲಿಂಡರು, ಅಗಲ ಪಂಖ. ಇನ್ನೊಂದು ಮಿಕ್ಸಿಯಷ್ಟು ಪುಟ್ಟದು.

"ದೊಡ್ಡದೇ ಇರ್ಲಿ" ಎಂದ ಗಂಡ, ಕೇಳುವ ಮೊದಲೇ.

"ಹಾಕಿ ನೋಡ್ತೀನಿ" ಎಂದಳು ಅವಳು. ಪಟ್ಟಿಗಳನ್ನು ಬಿಗಿದುಕೊಂಡು ಏಳಲು ಹೋದಳು. ಈಚೆಗೆ ಸವೆದಿದ್ದ ಬಲಮಂಡಿ ಕಟಕ್ಕೆಂದಿತು. ಬೆಂಚಿನ ಅಂಚು ಹಿಡಿದು, ಹಲ್ಲು ಕಚ್ಚಿ ನಿಂತಳು. "ಪರವಾಗಿಲ್ಲ" ಎಂದಳು. ಮುಖವೆಲ್ಲ ಬೆವೆತಿತ್ತು.

"ಚಿಕ್ಕದನ್ನೂ ಒಂದ್ಸಲ ನೋಡಿ ಅಕ್ಕ" ಎಂದ ಹತ್ತಿ.

ಬೇಡವೆನ್ನುತ್ತಲೇ ಹಾಕಿಕೊಂಡಳು. ಎದ್ದದ್ದೇ ಗೊತ್ತಾಗಲಿಲ್ಲ. ಶಾಲೆಯ ಚೀಲ ಹೊತ್ತಂತಿತ್ತು. ಅವಳಿಗರಿವಿಲ್ಲದೆಯೇ ಕಾಲುಗಳು ಬಾಗಿಲಿನತ್ತ ನಾಲ್ಕು ಹೆಜ್ಜೆ ಓಡಿದವು, ಎರಡು ಕೈಗಳೂ ಅಲ್ಲಿಲ್ಲದ ರೆಕ್ಕೆಯ ಹಗ್ಗಗಳನ್ನು ಹಿಡಿಯಲು ಮೇಲೆದ್ದವು. ಹೊಸ್ತಿಲ ಬಳಿ ಥಟ್ಟನೆ ನಿಂತಳು. ತಿರುಗಿದಾಗ ಗಂಡ ಅವಳನ್ನೇ ನೋಡುತ್ತಿದ್ದ.

"ಇದು ಇಬ್ಬರನ್ನ ಎತ್ತುತ್ತಾ?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

"ಎಲ್ಲಿಂದ ಎತ್ತುತ್ತೆ ಅಕ್ಕ? ನಿಮ್ಮೊಬ್ಬರನ್ನ ಚೆನ್ನಾಗಿ ಎತ್ತುತ್ತೆ. ನನ್ನನ್ನಂತೂ ನೋಡಿದ್ರೇನೇ ಬಂದ್ ಆಗುತ್ತೆ."

ಅವಳು ಪಟ್ಟಿ ಬಿಚ್ಚಿದಳು. "ಹಾಗಾದ್ರೆ ದೊಡ್ಡದೇ ಕೊಡಪ್ಪ. ಹೊರೋಕೆ ಆಗದಿದ್ರೆ ಮೂರು ಗಾಲಿ ಹಾಕಿಸೋಣ. ಇಬ್ಬರೂ ಕೂತ್ಕೊಂಡೇ ಹೋಗ್ತೀವಿ."

ಹತ್ತಿ ಖುಷಿಯಿಂದ ಗಾಲಿಯ ಚೌಕಟ್ಟು ತರಲು ಒಳಗೆ ಹೋದ. ಗಂಡ ಸ್ಟೂಲ್ ಎಳೆದುಕೊಂಡು ಕೂತ.

"ಗಾಲಿ ಬೇಡ ಕಣೇ."

"ಯಾಕ್ರೀ?"

"ಮೊನ್ನೆ ನಮ್ಮ ಅಂಗಡೀಲಿ ಏಣಿ ಹತ್ತಿ ನೋಡ್ದೆ. ಮೂರನೇ ಮೆಟ್ಟಿಲಲ್ಲೇ ತಲೆ ಗಿರ್ ಅಂತು. ಅವುಚಿಕೊಂಡು ನಿಂತೆ, ಇಳಿಸೋಕೆ ಪಕ್ಕದ ಅಂಗಡಿಯವರು ಬರಬೇಕಾಯ್ತು. ಮೊದಲ ಸಲ ಏನಲ್ಲ, ಆಗಾಗ ನೋಡ್ತಾನೇ ಇದೀನಿ." ಅವನು ಅಂಗೈಯಲ್ಲಿ ಮುಖ ಉಜ್ಜಿಕೊಂಡ. "ಇದು ಹೋಗೋ ತಲೆಸುತ್ತಲ್ಲ."

"ಮತ್ತೆ ದೊಡ್ಡದೇ ಇರ್ಲಿ ಅಂದ್ರಲ್ಲ?"

"ನಾನು ಬರಲ್ಲ ಅಂದ್ರೆ ನೀನು ಹಾರೋದನ್ನೇ ಬಿಟ್ಟುಬಿಡ್ತೀಯ ಅಂತ ಭಯ."

"ನೀವಿಲ್ಲದೆ ಹೋದ್ರೆ ನಿಮ್ಮನ್ನ ಬಿಟ್ಟುಹೋದ ಹಾಗಲ್ವಾ ಅಂತ ನಾನು..." ಎರಡು ವರ್ಷ ಒಂದೇ ಮಂಚದಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಹಂಚಿ ತಿಂದು, ಇದೊಂದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಅವನು ಎದ್ದು ಚಿಕ್ಕ ಎಂಜಿನ್ನನ್ನು ಎತ್ತಿ ತೂಗಿ ನೋಡಿದ. ಗಾಲಿ ಉರುಳಿಸಿಕೊಂಡು ಬಂದ ಹತ್ತಿ ತಬ್ಬಿಬ್ಬಾಗಿ ನಿಂತ. "ಅದನ್ನ ಒಳಗಿಡಪ್ಪ. ನಿಮ್ಮಕ್ಕನಿಗೆ ಇದನ್ನೇ ಕಟ್ಟಿಕೊಡು" ಎಂದ ಗಂಡ.

"ಆಯ್ತು ಭಾವ" ಎಂದ ಹತ್ತಿ. ಅವಳು ಬೇಡವೆನ್ನಲಿಲ್ಲ.

ಮುಂದಿನ ಭಾನುವಾರ ಬಿಸಿಲೇರುವ ಹೊತ್ತಿಗೆ ಕುಯ್ಲಾದ ಬಯಲಿಗೆ ಹೋದರು. ಅವನು ರೆಕ್ಕೆ ಹರಡಿ, ದಾರಗಳನ್ನು ಬಿಡಿಸಿ, ಪಟ್ಟಿಗಳನ್ನು ಎಳೆದೆಳೆದು ನೋಡಿದ. ಅವಳು ಓಡಿದಳು. ಯಾವ ಕಾಲೂ ತೊಡರಲಿಲ್ಲ. ದೊಡ್ಡದರ ಗುಡುಗು ಇದಕ್ಕಿಲ್ಲ, ದುಂಬಿಯಂತೆ ಕಿರುದನಿ. ನೆಲ ಜಾರಿತು.

ಗಾಳಿ ನೇರ ಎದೆಗೆ ಬಡಿಯಿತು. ಅವಳು ಬೆಚ್ಚಿದಳು. ಇಷ್ಟು ವರ್ಷ ಹಾರಿಯೂ ಅಲ್ಲಿ ಗಾಳಿ ಹೀಗೆ ತಣ್ಣಗೆ ಹೊಡೆಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆ ಗಾಳಿಯನ್ನೆಲ್ಲ ಅವನೇ ತಿನ್ನುತ್ತಿದ್ದ. ಊರಿನ ಅಂಚು ಕಂಡಿತು, ಶಾಲೆ, ನೀರಿನ ಟ್ಯಾಂಕು, ಸಾಲು ಮನೆಗಳು. "ರೀ, ಅಲ್ಲಿ ನೋಡಿ" ಎಂದಳು. ಎದುರಿಗೆ ಭುಜವಿರಲಿಲ್ಲ, ಬರೀ ಬಯಲು. ಇದಕ್ಕಾಗಿ ಎರಡು ವರ್ಷ ಹಂಬಲಿಸಿದ್ದಳು. ಅದು ಸಿಕ್ಕಿತ್ತು. ಸಿಕ್ಕ ಮೇಲೂ ಹಂಬಲ ಹಾಗೇ ಇತ್ತು, ಈಗ ಅದು ಕೆಳಮುಖವಾಗಿತ್ತು, ಅಷ್ಟೆ.

ಅವನನ್ನು ಹುಡುಕಿ ಕೆಳಗೆ ನೋಡಿದಳು. ಬಯಲಿನಲ್ಲಿ ಅವನು ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ. ಏನಾದರೂ ಬೀಳಿಸಿಕೊಂಡನೇ? ಒಮ್ಮೆ ಎಡಕ್ಕೆ ಓಡುತ್ತಿದ್ದ, ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ಗಾಬರಿಯಾಗಿ ಎಂಜಿನ್ ನಿಲ್ಲಿಸಿ ಇಳಿದಳು.

"ಏನಾಯ್ತ್ರೀ? ಏನು ಹುಡುಕ್ತಿದ್ರಿ?"

ಅವನು ಏದುಸಿರು ಬಿಡುತ್ತಿದ್ದ, ಮುಖ ಅರಳಿತ್ತು. "ಹುಡುಕ್ತಾ ಇರ್ಲಿಲ್ಲ ಕಣೇ. ಕತ್ತೆತ್ತಿದ್ರೆ ತಲೆ ಸುತ್ತುತ್ತಲ್ಲ, ಅದಕ್ಕೆ ನಿನ್ನ ನೆರಳಿನ ಹಿಂದೆ ಓಡ್ತಿದ್ದೆ. ಆ ಬೇಲಿ ಹತ್ರ ಕೈಕೊಟ್ಟು ಹೋಯ್ತು."

ಅವಳು ಹೆಲ್ಮೆಟ್ ತೆಗೆಯಲು ಕೈಯೆತ್ತಿದಳು. ಅವನು ತಡೆದು, ಬಾಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ನೋಡಿದ.

"ಇನ್ನೊಂದು ಸುತ್ತಿಗಿದೆ. ಹೋಗು" ಎಂದ. "ಈ ಸಲ ಸ್ವಲ್ಪ ಕೆಳಗೇ ಹಾರು."